ಸಾಲು ಮುರಿದವನು

ಲ್ಯಾಂಬೆತ್ ಸೇತುವೆಯ ಬಳಿ ಬಸ್ಸಿಗೆ ನಿಂತ ಸಾಲಿನಲ್ಲಿ ಗ್ಲೆನಿಸ್ ಮೂರನೆಯವಳು. ಮುಂದೆ ನರೆತ ಗಡ್ಡದ ಹ್ಯೂ, ಅವನ ಪತ್ರಿಕೆಯ ಹೊಸ ವರದಿಗಾರ್ತಿ ಟ್ಯಾಮ್ಸಿನ್. ಅಷ್ಟೂ ಅವರ ಮಾತಿನಿಂದಲೇ ತಿಳಿದದ್ದು. ಗ್ಲೆನಿಸ್ ಹಿಂದೆ ಬೂದು ಕೋಟಿನವನೊಬ್ಬ ತೆಪ್ಪಗೆ ನಿಂತಿದ್ದ.

"ಅಚ್ಚಾಗೋಕೆ ಮುಂಚೆ ಮಂತ್ರಿ ಏನಂತಾರೆ ಅಂತ ಕೇಳ್ಲೇಬೇಕು, ಅದು ನೀವೇ ಕಲ್ಸಿದ್ದು."

"ಕೇಳು ಅಂದೆ. ಹೇಗೆ ಕೇಳ್ದೆ?"

"ಮಾರ್ಚ್ ಒಂಬತ್ತಕ್ಕೆ ನಿಮ್ಮ ಹಳ್ಳಿ ಮನೇಲಿ ಗುತ್ತಿಗೆ ಮಾತುಕತೆ ಆಯ್ತಲ್ಲ, ಅದಕ್ಕೇನಂತೀರಿ ಅಂತ."

"ತಾರೀಖು ಹೇಳ್ಬಿಟ್ಯಾ?"

"ಹೇಳ್ದೆ ಹೇಗೆ ಕೇಳ್ಲಿ?"

"ಆವತ್ತು ಅಲ್ಲಿದ್ದಿದ್ದು ನಾಲ್ಕೇ ಜನ ಕಣಮ್ಮಾ. ಮಂತ್ರಿ, ಗುತ್ತಿಗೆದಾರ, ಅವನ ವಕೀಲ. ನಾಲ್ಕನೆಯವಳು ನಮಗೆ ಸುದ್ದಿ ಕೊಟ್ಟ ಹೆಟ್ಟಿ."

ಟ್ಯಾಮ್ಸಿನ್ ಕೈಯಲ್ಲಿದ್ದ ಚಹಾ ಲೋಟದ ಮುಚ್ಚಳ ಒತ್ತುತ್ತಲೇ ಇದ್ದಳು.

"ಬೆಳಿಗ್ಗೆಯಿಂದ ಹೆಟ್ಟಿ ಫೋನ್ ಎತ್ತಿಲ್ಲ."

"ಎಷ್ಟು ಸಲ ಮಾಡ್ದೆ?"

"ಹನ್ನೊಂದು."

"ಯಾವ ಫೋನಿಂದ?"

"ನನ್ನದರಿಂದ್ಲೇ."

ಹ್ಯೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಅನಿಸಿತು ಗ್ಲೆನಿಸ್‌ಗೆ.

"ಇನ್ನು ಮಾಡ್ಬೇಡ. ಅವಳ ಫೋನ್ ಈಗ ಯಾರ ಕೈಲಿದ್ಯೋ, ನಿನ್ನ ನಂಬರ್ ಕಾಣುತ್ತೆ. ನಡಿ, ಅವಳ ಮನೆಗೇ ಹೋಗಿ ನೋಡೋಣ."

ಬಸ್ಸು ಬಂತು. ಇಬ್ಬರೂ ಹತ್ತಿದರು. ಗ್ಲೆನಿಸ್ ಕಾಲು ಎತ್ತುವಷ್ಟರಲ್ಲಿ ಬೂದು ಕೋಟಿನವನು ಅವಳನ್ನು ಸರಿಸಿ ಮುಂದೆ ನುಗ್ಗಿದ. ಫೋನು ಕಿವಿಯಲ್ಲೇ ಇತ್ತು.

"ಹೌದು, ಇಬ್ಬರೂ ಒಟ್ಟಿಗೇ ಇದಾರೆ. ಅವಳ ಮನೆ ಕಡೆಗೇ ಬರ್ತಿದಾರೆ."

ಸಾಲು ಮುರಿದವರನ್ನು ಗ್ಲೆನಿಸ್ ನಲವತ್ತು ವರ್ಷದಲ್ಲಿ ಒಮ್ಮೆಯೂ ಸುಮ್ಮನೆ ಬಿಟ್ಟವಳಲ್ಲ. ಪಾದ್ರಿಯನ್ನೂ ಹಿಂದಕ್ಕೆ ಕಳಿಸಿದವಳು. ಇಂದು ಒಂದು ಹೆಜ್ಜೆ ಹಿಂದೆ ಸರಿದು, ಬಸ್ಸಿನ ಬಾಗಿಲು ಮುಚ್ಚಿಕೊಳ್ಳುವವರೆಗೂ ನೆಲ ನೋಡುತ್ತಾ ನಿಂತಳು.