ಒಕ್ಲಹೋಮಾದ ಹಲ್ಲುನೋವು

ಚಾಮರಾಜನಗರದ ಹಲ್ಲಿನ ಡಾಕ್ಟರ ಬಳಿ ನನ್ನ ಸರದಿಗೆ ಕಾಯುತ್ತಿದ್ದೆ. ಎದುರಿನ ಬೆಂಚಿನಲ್ಲಿ ಊದಿದ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡಿದ್ದ ಮೂವತ್ತರ ಹೆಣ್ಣುಮಗಳು, ಪಕ್ಕದಲ್ಲಿ ಅವಳ ದೊಡ್ಡವ್ವ ಕೂತಿದ್ದರು.

“ಅಮೇರಿಕದಲ್ಲಿ ಹಲ್ ಕೀಳೋರು ಇಲ್ವೇನಮ್ಮಿ ರೂಪಾ?”

“ಇದಾರೆ ದೊಡ್ಡವ್ವ. ಅವ್ರು ಕೇಳೋ ದುಡ್ಡಲ್ಲಿ ವಿಮಾನ ಹತ್ತಿ ಇಲ್ಲಿಗೇ ಬರಬೋದು. ನಮ್ಮೆಜಮಾನ್ರು ಲೆಕ್ಕ ಹಾಕೇ ಕಳಿಸುದ್ರು.”

“ಒಕ್ಲಹೋಮಾದಲ್ಲಿ ಎಲ್ಲಾ ಅಗ್ಗ ಅಂತ ನಿಮ್ಮವ್ವ ಊರಿಗೆಲ್ಲ ಹೇಳ್ತಿದ್ಲಲ್ಲ?”

“ಮನೆ ಬಾಡಿಗೆ ಅಗ್ಗ. ಅದ್ಕೇ ಅಲ್ಲಿಗೆ ಹೋಗಿದ್ದು. ಆದ್ರೆ ಬಸ್ಸಿಲ್ಲ, ನಡ್ಕೊಂಡು ಹೋಗೋಷ್ಟು ದೂರದಲ್ಲಿ ಒಂದು ಅಂಗಡಿಯಿಲ್ಲ. ಎಲ್ಲದ್ಕೂ ಕಾರೇ ಬೇಕು.”

“ಕಾರು ಕಲ್ತ್ಕೊಬಾರ್ದಾಗಿತ್ತಾ?”

“ಕಲೀತೀನಿ ಅಂದೆ. ಇನ್ನೊಂದು ಕಾರು ಯಾಕೆ ದಂಡ ಅಂದ್ರು. ಅವ್ರು ಗೋಡೌನ್ ಕೆಲ್ಸಕ್ಕೆ ಹೋದ್ರೆ ನಾನು ಬಾಗ್ಲಾಕೊಂಡು ಒಳಗೇ. ನಾಕು ತಿಂಗ್ಳು ಲವಂಗ ಕಚ್ಕೊಂಡೇ ಕೂತಿದ್ದೆ.”

“ಓಗ್ಲಿ ಬುಡು. ಹಲ್ ಕೀಳಿಸ್ಕೊಂಡು ನಮ್ಮೂರು ಉಡಿಗಾಲದಲ್ಲಿ ನಾಕ್ ದಿನ ಇರು. ವಾಪಸ್ ಯಾವಾಗ?”

“ಟಿಕೆಟ್ ಒಂದು ಕಡೆದೇ ತೆಗ್ದಿರೋದು.”

“ಯಾಕಮ್ಮಿ?”

“ಅದು ಕಮ್ಮಿಗೆ ಸಿಕ್ತದೆ ಅಂದ್ರು. ನಾನು ಬಂದು ಐದು ದಿನ ಆಯ್ತು. ಅವ್ರು ಇನ್ನೂ ನನ್ ಫೋನ್ ಎತ್ತಿಲ್ಲ.”

ದೊಡ್ಡವ್ವ ಅವಳ ಹತ್ತಿರಕ್ಕೆ ಸರಿದರು.

“ನಿಮ್ಮವ್ವಂಗೆ ಗೊತ್ತಾ?”

“ಇಲ್ಲ. ಹಲ್ ತೋರ್ಸಕ್ಕೇ ಬಂದವ್ಳೆ ಅಂದ್ಕೊಂಡದೆ.”

ನರ್ಸ್ ಬಾಗಿಲಿಗೆ ಬಂದು ರೂಪಶ್ರೀ ಎಂದು ಕೂಗಿದಳು. ದೊಡ್ಡವ್ವ ಮೊದಲು ಎದ್ದು ಅವಳ ಕೈ ಹಿಡಿದುಕೊಂಡರು. ಇಬ್ಬರೂ ಒಳಗೆ ಹೋದರು.