ಇಲ್ಲ ಎನ್ನುವುದಕ್ಕೊಂದು ಶಾಲು

ಮಾನ್ಯ ಅಧ್ಯಕ್ಷರೇ, ಇಂದು ನಿವೃತ್ತರಾಗುತ್ತಿರುವ ಶಾಮಣ್ಣ ಮೇಷ್ಟ್ರೇ, ಅವರ ಶ್ರೀಮತಿ ವಿಮಲಾ ಮೇಡಂ ಅವರೇ, ನಾಳೆಯಿಂದ ನಮ್ಮ ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ಯಜಮಾನರಾಗಲಿರುವ ಅವರ ಪುತ್ರ ವಸಿಷ್ಠ ಅವರೇ, ಉಪ್ಪಿಟ್ಟಿನ ಪರಿಮಳ ಬಂದರೂ ಕದಲದೆ ಕುಳಿತಿರುವ ಸಭಿಕರೇ,

ನಾನು ಅನ್ನಪೂರ್ಣ. ಬಾಗಲಕೋಟೆ ಕಡೆಯವಳು, ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆಗಿರುವವಳು. ತೊಂಬತ್ತೈದರಲ್ಲಿ ಜಯನಗರದ ಈ ಕ್ಲಾಸಿಗೆ ಸೇರಿದ ಮೊದಲ ದಿನವೇ ಮೇಷ್ಟ್ರು, "ಡು ಯು ಲೈಕ್ ಅವರ್ ಕಾಫಿ?" ಎಂದು ಕೇಳಿದರು. ಮೇಡಂ ಮಾಡಿದ ಕಾಫಿ ನನ್ನ ಕೈಯಲ್ಲೇ ಇತ್ತು. "ನಾಟ್ ಅಟ್ ಆಲ್" ಎಂದೆ.

ನಮ್ಮ ಊರಲ್ಲಿ ಹಾಗೆಯೇ. ನಮ್ಮವ್ವ ತಂಗೆವ್ವ "ಒಲ್ಲೆ" ಅಂದರೆ ಒಲ್ಲೆ. ಕೇಳಿದವರು ಸುಮ್ಮನೆ ಮುಂದಿನ ಮನೆಗೆ ಹೋಗುತ್ತಾರೆ.

ಮೇಷ್ಟ್ರು ನಕ್ಕರು. "ವ್ಯಾಕರಣ ಸರಿ ಇದೆ ಕಣಮ್ಮ. ಆದ್ರೆ ಹೀಗೆ ಮುಖಕ್ಕೆ ಹೊಡೆದ ಹಾಗೆ ಹೇಳ್ಬಾರ್ದು. 'ನಾಟ್ ಪರ್ಟಿಕ್ಯುಲರ್ಲಿ' ಅನ್ನು, 'ನಾಟ್ ರಿಯಲಿ' ಅನ್ನು. ಇಲ್ಲ ಅನ್ನೋದಕ್ಕೂ ಒಂದು ಶಾಲು ಹೊದಿಸ್ಬೇಕು." ಈಗ ಅವರಿಗೆ ಶಾಲು ಹೊದಿಸಿದಾಗ ನನಗೆ ಅದೇ ನೆನಪಾಯಿತು.

ಮೇಷ್ಟ್ರು ನುಡಿದಂತೆ ನಡೆದವರು. ಸಂಬಂಧ ಹಿಡಿಸದಿದ್ದರೆ "ಜಾತಕ ಅಷ್ಟಾಗಿ ಕೂಡಿಬರಲಿಲ್ಲ". ಗಣೇಶನ ಚಂದಾಕ್ಕೆ ಬಂದವರಿಗೆ "ಈಗ ಅಷ್ಟು ಅನುಕೂಲ ಇಲ್ಲ". ಅವರ ಬಾಯಿಂದ ಬರಿಯ 'ಇಲ್ಲ' ಕೇಳಿದವರು ಈ ಸಭೆಯಲ್ಲಿದ್ದಾರೆಯೇ? ಕೈ ಎತ್ತಿ ನೋಡೋಣ. ಒಬ್ಬರೂ ಇಲ್ಲ. ಎಂಥ ಸಂಸ್ಕಾರ!

ಎರಡು ವರ್ಷದಲ್ಲಿ ನನ್ನನ್ನೇ ಟೀಚರ್ ಮಾಡಿದರು. "ಮುಂದೆ ಇದನ್ನೆಲ್ಲ ನೀನೇ ನೋಡ್ಕೋಬೇಕು" ಎಂದರು. ಅಂದಿನಿಂದ ಪ್ರತಿ ಯುಗಾದಿಗೂ ಅವರ ಮನೆಯ ಒಬ್ಬಟ್ಟು ತಿನ್ನುತ್ತಾ ಕೇಳಿದೆ, "ಸಾರ್, ಬೋರ್ಡಿನಲ್ಲಿ ನನ್ನ ಹೆಸರೂ ಬರೆಸೋಣವೇ?" ಪ್ರತಿ ಯುಗಾದಿಗೂ ಒಂದೇ ಉತ್ತರ: "ನಾಟ್ ಕ್ವೈಟ್ ಯೆಟ್, ಅನ್ನಪೂರ್ಣ." ಜೊತೆಗೆ ಇನ್ನೊಂದು ಒಬ್ಬಟ್ಟು. ಇನ್ನೂ ಅಷ್ಟಿಲ್ಲ ಎಂದರೆ ಮುಂದೆ ಇದೆ ಎಂದು ನಂಬಿದೆ. ಕಾಲ್ ಸೆಂಟರಿಗೆ ಹೊರಟ ನೂರಾರು ಮಕ್ಕಳಿಗೆ ಈ ಶಾಲು ಹೊದಿಸುವುದನ್ನು ಕಲಿಸಿದವಳು ನಾನೇ. ನನಗೇ ಹೊದಿಸಿದ್ದು ಮಾತ್ರ ತಿಳಿಯಲಿಲ್ಲ.

ಹೋದ ವಾರ ಬೋರ್ಡು ಬರೆಯುವ ಬೈರಣ್ಣ ಬಂದರು. ಸಂಭ್ರಮದಿಂದ ಏಣಿ ನಾನೇ ಹಿಡಿದುಕೊಂಡೆ. ಅವರು 'ವ' ಎಂದು ಶುರು ಮಾಡಿದರು. ವಸಿಷ್ಠ ಅವರ ಹೆಸರು ಮುಗಿಯುವವರೆಗೂ ಏಣಿ ಬಿಡಲಿಲ್ಲ. ಪಾಪ, ಬೈರಣ್ಣ ಬೀಳಬಾರದಲ್ಲ. ಮನೆಗೆ ಹೋಗಿ ಅತ್ತುಬಿಟ್ಟೆ, ಸಭಿಕರೇ.

ಮರುದಿನ ವಸಿಷ್ಠ ಬಹಳ ವಿನಯದಿಂದ ಕೇಳಿದರು: "ಏನೂ ಬದಲಾಗಲ್ಲ ಆಂಟಿ. ಆರ್ ಯು ಇಂಟರೆಸ್ಟೆಡ್ ಇನ್ ಕಂಟಿನ್ಯೂಯಿಂಗ್?" ವೇದಿಕೆಯ ಮೇಲೆ ಹೇಳುತ್ತೇನೆ ಎಂದಿದ್ದೆ.

ಸೋಮವಾರದಿಂದ ತಿಲಕ್ ನಗರದಲ್ಲಿ ನನ್ನ ಕ್ಲಾಸು ಶುರು. ಬೋರ್ಡು ಬೈರಣ್ಣನವರದೇ, ಈ ಸಲ ಏಣಿ ಬೇರೆಯವರು ಹಿಡಿದರು.

ಇಂಗ್ಲಿಷ್ ಕಲಿಸಿದ ಮೇಷ್ಟ್ರಿಗೆ, ಕಾಫಿ ಕೊಟ್ಟ ಮೇಡಂಗೆ, ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಧನ್ಯವಾದ. ಇನ್ನು ಉತ್ತರ. ವಸಿಷ್ಠ ಅವರೇ, ನಾಟ್ ಅಟ್ ಆಲ್.

ವ್ಯಾಕರಣ ಸರಿ ಇದೆ ಅಲ್ಲವೇ, ಮೇಷ್ಟ್ರೇ? ನಮಸ್ಕಾರ.