ಮುದಿ ಹೋತ

ಗಿಲ್ಗಿಟ್ ಬಸ್ ನಿಲ್ದಾಣದಲ್ಲಿ ಒಣ ಜರ್ದಾಳು ಮಾರುತ್ತಿದ್ದ ಐನುಲ್‌ಬೀಬಿಯ ಕಿವಿಯೆಲ್ಲ ಪಕ್ಕದ ಬೆಂಚಿನ ಮೇಲಿತ್ತು. ಕಾಡುಮೇಕೆಗಳ ಕಾವಲುಗಾರ ನಿಯತ್ ಶಾ ಕಾಲೇಜಿಗೆ ಹೊರಟ ಮಗಳೊಡನೆ ಅಲ್ಲಿ ಕೂತಿದ್ದ.

"ಅಪ್ಪಾ, ಬೇಟೆಗೆ ಬಂದ ಪರದೇಶಿ ಯಾವುದನ್ನ ಹೊಡೆದ?"

"ಸುರುಳಿ ಕೊಂಬಿನ ಮುದಿ ಹೋತಾನೇ. ಅವನು ಸರ್ಕಾರದ ಬೇಟೆ ಪರ್ಮಿಟ್ಟಿಗೆ ಕೊಟ್ಟ ದುಡ್ಡಲ್ಲಿ ಊರಿಗೆ ಬಂದ ಪಾಲಲ್ಲೇ ಅಲ್ವೇನೇ ಊರೋರು ನಿನ್ನ ಓದಿಸ್ತಿರೋದು?"

"ನೀನು ಹಿಮದಲ್ಲಿ ಕೂತು ಕಾಯ್ತಿದ್ಯಲ್ಲ, ಅದನ್ನಾ?"

"ಹೂಂ. ಅದಿರೋ ಜಾಗ ನನಗಲ್ದೆ ಇನ್ಯಾರಿಗೆ ಗೊತ್ತು? ನಾನೇ ಕರ್ಕೊಂಡು ಹೋದೆ."

"ಓಡ್ಲಿಲ್ವಾ?"

"ಮೊದಲು ಬೆದರಿ ತಲೆ ಎತ್ತಿತ್ತು ಕಣೇ. ನನ್ನ ಕಂಡು ಮತ್ತೆ ಮೇಯೋಕೆ ಬಗ್ಗಿಸ್ತು."

ಬಸ್ಸು ಹಾರ್ನ್ ಹಾಕಿತು.

"ಏಳಮ್ಮಾ," ಎನ್ನುತ್ತ ಅವನು ಗಂಟು ಎತ್ತಿಕೊಂಡ. ಮಗಳು ಅವನ ಹಿಂದೆಯೇ ನಡೆದಳು.